ಅಮ್ಮನ ಫೋನಿನಲ್ಲಿದ್ದ ದೊಡ್ಡಮ್ಮ

ಅಮ್ಮನ ಹಳೆಯ ಫೋನು ಚಾರ್ಜ್ ಆಗಬೇಕೆಂದರೆ ಯಾರಾದರೊಬ್ಬರು ಪಕ್ಕದಲ್ಲಿ ಕೂತು ವೈರನ್ನು ಎಡಕ್ಕೆ ಬಾಗಿಸಿ ಹಿಡಿದುಕೊಂಡಿರಬೇಕಿತ್ತು. ಪವರ್‌ಲೂಮ್ ಇರುವ ಮನೆಯಲ್ಲಿ ಹತ್ತಿಯ ಧೂಳು ಅನ್ನದಲ್ಲೂ ಇರುತ್ತದೆ, ಕಿವಿಯಲ್ಲೂ ಇರುತ್ತದೆ. ಫೋನಿನ ತೂತೊಂದು ಮಾತ್ರ ಏನು ಪುಣ್ಯ ಮಾಡಿತ್ತು? ಅದರೊಳಗೆ ಧೂಳು ಹೋಗಿ ಹೋಗಿ, ಅಪ್ಪ ಅದನ್ನು ಸೂಜಿಯಿಂದ ಕೆದಕಿ ಕೆದಕಿ, ಕಡೆಗೆ ಧೂಳು ಹಾಗೇ ಉಳಿದು ಒಳಗಿನ ಪಿನ್ನು ಮುರಿಯಿತು. ಅಪ್ಪ ನೇಯ್ಗೆಯಲ್ಲಿ ಗಟ್ಟಿಗ, ರಿಪೇರಿಯಲ್ಲಿ ಧೈರ್ಯಶಾಲಿ.

ನಾನು ಹೊಸ ಫೋನು ತಂದು ಎದುರಿಗಿಟ್ಟೆ. ಅಮ್ಮ ಡಬ್ಬಿಯನ್ನೂ ಮುಟ್ಟಲಿಲ್ಲ.

"ಇದ್ರೊಳ್ಗೆ ಅಕ್ಕ ಬರ್ತಾಳಾ?" ಎಂದಳು.

ಅಕ್ಕ ಎಂದರೆ ಪೆರಿಯನಾಯಕನಪಾಳ್ಯದಲ್ಲಿರುವ ನನ್ನ ದೊಡ್ಡಮ್ಮ. ಹೆದರಬೇಡಿ, ಆಕೆ ಬದುಕಿದ್ದಾಳೆ. ಗಂಟಲಲ್ಲಿ ಗಡ್ಡೆಯಾಗಿ, ಕೊಯಮತ್ತೂರಿನಲ್ಲಿ ಆಪರೇಷನ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಕತ್ತಿನಲ್ಲಿರುವ ಒಂದು ತೂತಿನಿಂದ ಉಸಿರಾಡುತ್ತಾಳೆ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಇಡ್ಲಿ ತಿನ್ನುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ದೊಡ್ಡಪ್ಪನ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕುತ್ತಾಳೆ. ದನಿ ಒಂದಿಲ್ಲ.

ಹೋದದ್ದು ದನಿ ಮಾತ್ರವಾಗಿದ್ದರೆ ಅಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ತಮಿಳುನಾಡಿನ ನಮ್ಮ ಕಡೆ ಕನ್ನಡವೆಂದರೆ ಮನೆಯೊಳಗಿನ ಮಾತು. ಹೊಸಿಲು ದಾಟಿದರೆ ತಮಿಳು. ಶಾಲೆ, ಬಸ್ಸು, ಕೂಲಿ, ಜಗಳ ಎಲ್ಲವೂ ತಮಿಳು. ನೇಯುವ ಮನೆಗಳ ನಮ್ಮ ಹೆಂಗಸರಲ್ಲಿ ಕನ್ನಡ ಅಕ್ಷರ ಬಲ್ಲವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ದೊಡ್ಡಮ್ಮ ಬಾಯಿ ಕಳೆದುಕೊಂಡು ಫೋನಿನಲ್ಲಿ ಬೆರಳಾಡಿಸಲು ಶುರುಮಾಡಿದಾಗ ಅಲ್ಲಿಂದ ಬಂದದ್ದೆಲ್ಲ ತಮಿಳು. ಹುಟ್ಟಿದಾಗಿನಿಂದ ಅಕ್ಕತಂಗಿಯರ ನಡುವೆ ಒಂದು ತಮಿಳು ಮಾತೂ ಆಡದ ಮನೆಯಲ್ಲಿ, ತಂಗಿ "ಊಟ ಆಯ್ತಾ ಅಕ್ಕ?" ಎಂದರೆ ಅಕ್ಕ "ಸಾಪ್ಪಿಟ್ಟೇನ್" ಎಂದು ತಮಿಳಿನಲ್ಲಿ ಬರೆದು ತೋರಿಸುತ್ತಿದ್ದಳು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ, ರೇಷನ್ ಅಂಗಡಿಯ ನೋಟಿಸು ಓದಿದವಳಂತೆ ಸುಮ್ಮನಾಗುತ್ತಿದ್ದಳು. ತಮಿಳಕ್ಷರದಲ್ಲೇ ನಮ್ಮ ಮಾತು ಬರೆಯಬಹುದಲ್ಲ ಎಂದು ನಾನು ಬುದ್ಧಿ ಹೇಳಿದೆ. ದೊಡ್ಡಮ್ಮ ಒಂದೆರಡು ಪದ ಬರೆದಳು, ಬೇರೆ ಯಾರದೋ ಸೀರೆ ಉಟ್ಟುಕೊಂಡವಳ ಹಾಗೆ ಅದನ್ನು ನೋಡಿದಳು, ಅಳಿಸಿದಳು.

ಈಗ ನನ್ನ ವಿಷಯ. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಆರ್ಡರ್ ಹಿಡಿಯುವವನು. ದಾವಣಗೆರೆ, ಹುಬ್ಬಳ್ಳಿ ಎಂದು ಅಲೆಯುತ್ತಾ ಅಂಗಡಿ ಬೋರ್ಡುಗಳನ್ನು ಓದಿ ಓದಿ ಕನ್ನಡ ಅಕ್ಷರ ಕಲಿತೆ. ಅದಕ್ಕೇ ನನ್ನ ಬರಹ ಹೀಗೆ ಇಸ್ತ್ರಿ ಹಾಕಿಕೊಂಡು ಬರುತ್ತದೆ. ಬಾಯಿ ತೆರೆದರೆ ಹುಬ್ಬಳ್ಳಿಯವರು ನನ್ನನ್ನು ತಮಿಳನೆನ್ನುತ್ತಾರೆ, ತಿರುಪ್ಪೂರಿನವರು ಕನ್ನಡದವನೆನ್ನುತ್ತಾರೆ. ಎರಡೂ ಕಡೆ ಡಿಸ್ಕೌಂಟು ಮಾತ್ರ ಕೇಳುತ್ತಾರೆ. ಕಂಪನಿ ಹೊಟ್ಟೆಪಾಡು, ಕಸುಬು ಮಿಮಿಕ್ರಿ. ಅವಿನಾಶಿ ಬಸ್ಸಿನ ಕಂಡಕ್ಟರು, ಕಸ್ಟಮರ್ ಕೇರ್ ಹುಡುಗಿ, ಮ್ಯಾನೇಜರಿನ ಎದುರು ನಿಂತ ನಾನು — ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದಾರೆ. ಅಪ್ಪನನ್ನು ಮಾಡುವುದು ಸುಲಭ: ದಿನಕ್ಕೊಂದು "ಹ್ಞೂಂ" ಸಾಕು.

ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದವಳು ದೊಡ್ಡಮ್ಮ. ಪಾಲಿಟೆಕ್ನಿಕ್ ಓದುವಾಗ ನಾನು ಅವಳ ಮನೆಯಲ್ಲೇ ಇದ್ದೆ. ಆ ಮನೆಯ ಮುಂಭಾಗವೆಲ್ಲ ಮಗ್ಗ. ಅಲ್ಲಿ ಉಪ್ಪು ಕೇಳಬೇಕೆಂದರೂ ಕೂಗಬೇಕು. ದೊಡ್ಡಮ್ಮನ ದನಿ ಮಗ್ಗದ ಸದ್ದನ್ನು ಸೀಳಿಕೊಂಡು ಬಂದು ಎದುರಿನವರ ಹಣೆಗೆ ಬಡಿಯುತ್ತಿತ್ತು. ಮಾತಿನ ಕೊನೆಯನ್ನು ಅವಳು ಎತ್ತಿ ಒಗೆಯುತ್ತಿದ್ದಳು. ಕನ್ನಡ ಅಕ್ಷರ ಬಾರದ ಅಕ್ಕತಂಗಿಯರಿಗೆ ವಾಯ್ಸ್ ಮೆಸೇಜೇ ಕಾಗದಪತ್ರ. ಅವಳು ಫೋನನ್ನು ಒಲೆಯ ಪಕ್ಕ ಇಟ್ಟು ಅತ್ತ ಹೋದರೆ ನಾನು ಅದನ್ನೆತ್ತಿಕೊಂಡು ಅವಳ ದನಿಯಲ್ಲೇ ಅಮ್ಮನಿಗೆ ಕಳಿಸುತ್ತಿದ್ದೆ: "ಏಯ್, ಕೇಳ್ತೈತಾ? ನಿನ್ ಮಗ ಚಿನ್ನ ಕಣೇ. ಬಸ್ಸಲ್ ನಿಂತು ನಿಂತು ಕಾಲು ಕಡ್ಡಿ ಆಗ್ಬುಟ್ಟೈತೆ. ಒಂದ್ ಬೈಕ್ ತಕ್ಕೊಡು."

ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಯಾವುದು ಅಕ್ಕ, ಯಾವುದು ಮಗ ಎಂದು ಪತ್ತೆಹಚ್ಚುವುದು ಅಮ್ಮನಿಗೂ ಆಟವೇ. ಪತ್ತೆಹಚ್ಚಿದೆನೆಂದು ನಂಬಿ ಇಬ್ಬರನ್ನೂ ಬೈದು ಉತ್ತರ ಕಳಿಸುತ್ತಿದ್ದಳು. ಆಪರೇಷನ್ನಿನ ನಂತರ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಇನ್ನು ಮೇಲೆ ಅಕ್ಕನ ದನಿ ಮಾಡಕೂಡದು ಎಂದಳು. ಮಾಡಲಿಲ್ಲ. ನನ್ನ ಬಾಡಿಗೆದಾರರಲ್ಲಿ ಒಬ್ಬರು ಮನೆ ಖಾಲಿ ಮಾಡಿದರು.

ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದಾಗಲೇ ದೊಡ್ಡಪ್ಪ ಅವಳ ಫೋನನ್ನು ಬದಲಿಸಿದ್ದರು. ಫೋಟೋ ಬಂತು, ನಂಬರುಗಳು ಬಂದವು ಎಂದು ಹಳೆಯದನ್ನು ಅಂಗಡಿಗೇ ಕೊಟ್ಟು ಬಂದರು. ದನಿಯೂ ಒಂದು ಸಾಮಾನು, ಅದನ್ನೂ ಎಣಿಸಿ ತರಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಹೀಗಾಗಿ ದೊಡ್ಡಮ್ಮನ ಕನ್ನಡವೆಲ್ಲ ಅಮ್ಮನ ಈ ಸಾಯುತ್ತಿರುವ ಫೋನಿನಲ್ಲಿತ್ತು.

ಬ್ಯಾಕಪ್ ತಾನೇ, ಒಂದು ಗಂಟೆಯ ಕೆಲಸ ಎಂದು ನಾನು ಬೀಗಿದೆ. ಬ್ಯಾಕಪ್ ಒತ್ತಿದರೆ ಜಾಗ ತುಂಬಿದೆ ಎಂದಿತು; ಖಾಲಿ ಮಾಡಹೊರಟರೆ ಪಾಸ್‌ವರ್ಡ್ ಕೇಳಿತು. ಅಕೌಂಟ್ ಅಮ್ಮನ ಹೆಸರಿನಲ್ಲೇ ಇರಲಿಲ್ಲ. ಫೋನು ಮಾರಿದ ಅಂಗಡಿಯವನು ತನ್ನ ಅಂಗಡಿಯ ಹೆಸರಿಗೆ ಒಂದಷ್ಟು ಸೊನ್ನೆ ಜೋಡಿಸಿ ಅಂದೇ ಅಕೌಂಟು ತೆರೆದುಕೊಟ್ಟಿದ್ದ. ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ಹುಡುಕಿಕೊಂಡು ಹೋದರೆ ಅಂಗಡಿ ಬೇಕರಿಯಾಗಿತ್ತು. ಅಲ್ಲಿಯವನಿಗೆ ಏನೂ ಗೊತ್ತಿರಲಿಲ್ಲ. ಒಂದು ಪಫ್ಸ್ ತಿಂದು ವಾಪಸು ಬಂದೆ. ಎರಡು ಫೋನುಗಳನ್ನು ಎದುರುಬದುರಾಗಿಟ್ಟು ನೇರ ಸಾಗಿಸುವ ದಾರಿಯನ್ನೂ ಹಿಡಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ವೈರು ಜಾರಿ ಹಳೆಯದು ಕಣ್ಣು ಮುಚ್ಚುತ್ತಿತ್ತು, ಮತ್ತೆ ಮೊದಲಿನಿಂದ. ಒಮ್ಮೆ ಆಫ್ ಆದರೆ ಎದ್ದೇಳುವುದೇ ಅನುಮಾನ ಎನ್ನುವ ಸ್ಥಿತಿಗೆ ಬಂದಾಗ ಉಳಿದದ್ದು ಒಂದೇ ದಾರಿ: ದೊಡ್ಡಮ್ಮನ ಮೆಸೇಜುಗಳನ್ನು ಒಂದೊಂದಾಗಿ ಕೇಳಿ, ಬೇಕಾದದ್ದನ್ನು ನನ್ನ ನಂಬರಿಗೆ ಫಾರ್ವರ್ಡ್ ಮಾಡಿಕೊಳ್ಳುವುದು.

ಆಗಲೇ ನನ್ನ ಕಸುಬು ನನ್ನ ಕೊರಳಿಗೆ ಬಿದ್ದದ್ದು. ಆ ಸಾಲಿನಲ್ಲಿ ಯಾವುದು ಅವಳು, ಯಾವುದು ನಾನು?

"ಅಕ್ಕನ್ ದನಿ ನಂಗ್ ಗೊತ್ತಾಗಲ್ವಾ?" ಎಂದಳು ಅಮ್ಮ. "ಒಂದೇ ಹೊಟ್ಟೇಲಿ ಹುಟ್ಟಿರೋರು. ನೀ ವೈರ್ ಹಿಡ್ಕೋ, ಸಾಕು."

ನಾನು ವೈರ್ ಹಿಡಿದೆ, ಅಮ್ಮ ನ್ಯಾಯಾಧೀಶೆಯಾದಳು. ಒಳಗೆ ಅಪ್ಪನ ಮಗ್ಗಗಳು ಓಡುತ್ತಿದ್ದವು. ಕೂಲಿ ನೇಯ್ಗೆಯ ಬಟ್ಟೆ, ಮರುದಿನ ಒಯ್ಯಲು ಬರುವವರಿದ್ದರು. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಒಂದೊಂದಕ್ಕೂ ತೀರ್ಪು ಕೊಟ್ಟಳು. ಜೋರಾಗಿ ಬೈದದ್ದು ಅಕ್ಕ. ದೊಡ್ಡಪ್ಪನ ಗೊರಕೆಯನ್ನು ಆಡಿಕೊಂಡದ್ದು ಅಕ್ಕ. ಬೈಕ್ ಕೊಡಿಸೆಂದದ್ದು ನಾನು, ಅದರಲ್ಲಿ ಅನುಮಾನವೇ ಇಲ್ಲ. ನನಗೆ ಮಾತ್ರ ಒಳಗೊಳಗೇ ದಿಗಿಲು ಹತ್ತತೊಡಗಿತ್ತು. ಗೊರಕೆಯದ್ದು ನಾನು ಮಾಡಿದ್ದೆಂದು ನನಗೆ ಮುಕ್ಕಾಲು ಪಾಲು ನೆನಪಿತ್ತು. ಬೈದ ಮೆಸೇಜು? ಗೊತ್ತಾಗಲಿಲ್ಲ. ನನ್ನ ದನಿ ನನಗೇ ಗುರುತು ಸಿಗದಷ್ಟು ಚೆನ್ನಾಗಿ ಅವಳದನ್ನು ಕದ್ದಿದ್ದೇನೆಂದು ಹೆಮ್ಮೆಪಡಬೇಕೋ, ಎದ್ದು ಓಡಬೇಕೋ?

ಇನ್ನೊಂದು ಸಂಗತಿ ಆಗ ತಿಳಿಯಿತು. ಫೋನು ತುಂಬಿದೆ ಎಂದಾಗಲೆಲ್ಲ ಅಮ್ಮ ಏನೂ ಇಲ್ಲದ ಮೆಸೇಜುಗಳನ್ನು ಅಳಿಸುತ್ತಾ ಬಂದಿದ್ದಳಂತೆ. ಏನೂ ಇಲ್ಲದ್ದು ಎಂದರೇನೆಂದು ಕೇಳಿದೆ. ಬಸ್ ಹತ್ತಿದೆ ಅನ್ನೋದು, ಅಕ್ಕಿ ನೆನೆಹಾಕಿದೆ ಅನ್ನೋದು, ಅಪ್ಪುರಂ, ಅಂದರೆ ಆಮೇಲೆ, ಏನೂ ಕೇಳಿಸದೇ ಇರೋದು ಎಂದಳು. ನಗು ಬರುವವುಗಳನ್ನು ಮಾತ್ರ ಉಳಿಸಿಕೊಂಡಿದ್ದಳು.

ಹಾಗೆ ಏನೂ ಇಲ್ಲದ್ದೊಂದು ಅಳಿಸಲು ಮರೆತು ಸಾಲಿನ ನಡುವೆ ಉಳಿದಿತ್ತು. ಅಮ್ಮ ಅದನ್ನು ಕಿವಿಗಿಟ್ಟು, ಇದರಲ್ಲಿ ಬರೀ ಗಾಳಿ ಎಂದು ನನಗೆ ಕೊಟ್ಟಳು. ನಾನೂ ಕೇಳಿದೆ. ಉಸಿರಿನಂಥದ್ದೇನೋ, ದೂರದಲ್ಲಿ ಯಾರೋ ಗೊಣಗಿದಂತೆ. ಕೈತಪ್ಪಿ ಒತ್ತಿದ್ದಿರಬೇಕು. ಅಳಿಸಲು ಬೆರಳಿಟ್ಟಿದ್ದೆ, ಅಷ್ಟರಲ್ಲಿ ಹಿಡಿದ ವೈರು ಸಡಿಲವಾಗಿ ಫೋನು ಆರಿಹೋಯಿತು.

ಅದು ಮತ್ತೆ ಏಳುವತನಕ ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಎದ್ದ ಮೇಲೆ ನಾನು ಹೇಳಿದೆ: ಇನ್ನು ನಾವಿಬ್ಬರೂ ತೀರ್ಪು ಕೊಡುವುದು ಬೇಡ, ದೊಡ್ಡಮ್ಮನನ್ನೇ ಕರೆಸೋಣ.

ಮರುದಿನ ಬೆಳಗ್ಗೆ ದೊಡ್ಡಮ್ಮ ಬಸ್ಸಿನಲ್ಲಿ ಬಂದಳು. ಬರುವಾಗ ಧೂಳು ಹೋಗದಿರಲೆಂದು ಕತ್ತಿನ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿಕೊಂಡಿದ್ದಳು. ಮಗ್ಗದ ಕೋಣೆಯ ಬಾಗಿಲು ಹಾಕಿ, ಅಡುಗೆಮನೆಯ ಪ್ಲಗ್ಗಿನ ಪಕ್ಕ ಚಾಪೆ ಹಾಸಿ ಮೂವರೂ ಕೂತೆವು. ನಾನು ಒಂದು ಕೈಯಲ್ಲಿ ವೈರ್ ಹಿಡಿದು, ಇನ್ನೊಂದರಲ್ಲಿ ಮೆಸೇಜು ಒತ್ತುವುದು. ಅವಳು ಕೇಳಿ, ತನ್ನದಾದರೆ ತನ್ನ ಎದೆಯನ್ನು, ನನ್ನದಾದರೆ ನನ್ನ ಮೂಗನ್ನು ಮುಟ್ಟುವುದು.

ಮೊದಲನೆಯದಕ್ಕೆ ನನ್ನ ಮೂಗು. ಎರಡನೆಯದಕ್ಕೂ ಮೂಗೇ. ಗೊರಕೆಗೆ ಮೂಗನ್ನು ಹಿಡಿದು ತಿರುಚಿದಳು. ಭುಜ ಕುಲುಕಿತು, ನಗುವಿಗೆ ಸದ್ದಿರಲಿಲ್ಲ, ಕತ್ತಿನ ಬಟ್ಟೆ ಮಾತ್ರ ಪಟಪಟನೆ ಅಲುಗಿತು. ಮಗ್ಗಕ್ಕೆ ರಜೆಯಿದ್ದ ದಿನ ಅನುಮಾನ ಬಾರದಿರಲೆಂದು ನಾಲಗೆಯಿಂದಲೇ ಮಗ್ಗದ ಸದ್ದನ್ನೂ ಮಾಡಿ ಕಳಿಸಿದ್ದು ಬಂದಾಗ, ನನ್ನ ತಲೆಗೊಂದು ಮೊಟಕಿದಳು. ನಾನೂ ನಗುತ್ತಿದ್ದೆ. ಅಮ್ಮ ನಗುತ್ತಿರಲಿಲ್ಲ.

ಅಮ್ಮ ಅಕ್ಕನೆಂದು ಪ್ರಮಾಣ ಮಾಡಿದ್ದವುಗಳೆಲ್ಲ ಒಂದೊಂದಾಗಿ ನನ್ನ ಮೂಗಿನ ಕಡೆ ಹೋಗುತ್ತಿದ್ದವು. ಜ್ವರ ಬಂದು ಮಲಗಿದ್ದಾಗ ಕೇಳಿ ಸಮಾಧಾನಪಟ್ಟುಕೊಂಡದ್ದು, ಅಪ್ಪನಿಗೂ ಕೇಳಿಸಿ ನಗಿಸಿದ್ದು, ಆಪರೇಷನ್ನಿನ ಮಾರನೇ ದಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಮತ್ತೆ ಮತ್ತೆ ಹಾಕಿ ಅತ್ತದ್ದು — ಅದೂ ನಾನೇ. ಅಕ್ಕನ ನಿಜವಾದ ಮಾತುಗಳೆಲ್ಲ ಬಸ್ಸು, ಅಕ್ಕಿ ಎಂದು ಯಾವತ್ತೋ ಅಳಿದುಹೋಗಿದ್ದವು. ನಗು ಬರುವುದೆಂದು ಉಳಿದದ್ದು ನಕಲಿ.

"ಇದಾದ್ರೂ ನೀನು ತಾನೇ?" ಎಂದು ಅಮ್ಮ ಪ್ರತಿ ಸಲ ಕೇಳುವಳು. ದೊಡ್ಡಮ್ಮನ ಕೈ ಎದೆಯ ಕಡೆ ಹೋಗಲೇ ಇಲ್ಲ. ನನಗೂ ನಗು ನಿಂತಿತು.

ಗಾಳಿಯ ಮೆಸೇಜಿನ ಸರದಿ ಬಂದಾಗ ಅದನ್ನು ದಾಟಿಸಿ ಮುಂದೆ ಹೋಗುವವನಿದ್ದೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು. ಫೋನನ್ನು ಕಿವಿಗಿಟ್ಟುಕೊಂಡಳು. ಬಾಗಿಲು ಹಾಕಿದ್ದರೂ ಮಗ್ಗದ ಸದ್ದು ಬರುತ್ತಲೇ ಇತ್ತು. ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಮುಗಿದ ಮೇಲೆ ಮತ್ತೆ ಹಾಕೆಂದು ಕೈಮಾಡಿದಳು. ಆಮೇಲೆ ತನ್ನ ಫೋನು ತೆಗೆದು ನಿಧಾನವಾಗಿ ಬೆರಳಾಡಿಸಿ ಅಮ್ಮನ ಮುಂದೆ ಹಿಡಿದಳು. ತಮಿಳಕ್ಷರದಲ್ಲಿ "ಇದು ನಾನ್" ಎಂದಿತ್ತು.

ಅಮ್ಮ ಓದಿದಳು, ಅಲ್ಲವೆಂದು ತಲೆಯಾಡಿಸಿದಳು.

"ಅದ್ರಲ್ಲಿ ಯಾರೂ ಇಲ್ಲ ಅಕ್ಕ."

ದೊಡ್ಡಮ್ಮ ಎದೆ ಮುಟ್ಟಿಕೊಂಡಳು.

"ನೀ ಹೀಂಗ್ ಮಾತಾಡಲ್ಲ. ನಿನ್ ದನಿ ಬೀದಿ ಕೊನೆಗಂಟ ಕೇಳ್ತಿತ್ತು. ನಂಗ್ ಗೊತ್ತಿಲ್ವಾ?"

ದೊಡ್ಡಮ್ಮ ಮತ್ತೆ ಎದೆ ಮುಟ್ಟಿಕೊಂಡಳು, ಈ ಸಲ ಬಡಿದುಕೊಂಡಳು ಎನ್ನಬೇಕು. ಅವಳ ಮುಖದಲ್ಲಿ ನಗುವಿನ ಗುರುತೂ ಇರಲಿಲ್ಲ. ತನ್ನ ದನಿಯನ್ನು ತನ್ನದೆಂದು ತಂಗಿಯ ಮುಂದೆ ಸಾಬೀತು ಮಾಡಬೇಕಾಗಿ ಬಂದ ಹೆಂಗಸಿನ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೋಡಿದ್ದರೆ ಮಿಮಿಕ್ರಿಗೆ ಬಳಸಿಕೊಳ್ಳುವ ಧೈರ್ಯ ನನಗೂ ಬರುತ್ತಿರಲಿಲ್ಲ.

ವಾದ ಆಮೇಲಾಗಲಿ, ಮೊದಲು ಕಳಿಸಿಕೊಳ್ಳೋಣ ಎಂದು ನಾನು ಫಾರ್ವರ್ಡ್ ಒತ್ತಿದೆ. ಪರದೆಯ ಮೇಲಿನ ಗೆರೆ ಗುಂಡಗೆ ತಿರುಗುತ್ತಲೇ ಇತ್ತು. ಬ್ಯಾಟರಿ ಕೆಂಪಾಗಿತ್ತು. ಅಮ್ಮ, ನಂಬದೇ ಇದ್ದರೂ, ನನ್ನ ಕೈಯ ಮೇಲೆ ಕೈಯಿಟ್ಟು ವೈರನ್ನು ಒತ್ತಿ ಹಿಡಿದಳು. ಅವಳ ಕೈಯ ಮೇಲೆ ದೊಡ್ಡಮ್ಮನದು. ಆ ಸಣ್ಣ ವೈರಿಗೆ ಅಷ್ಟು ಕೈಗಳ ಭಾರ ಹೆಚ್ಚೇ. ನನ್ನ ಜೇಬಿನಲ್ಲಿ ಫೋನು ಒಮ್ಮೆ ಅದುರಿತು. ಬಂದಿತ್ತು.

ಉಳಿದವುಗಳನ್ನೂ ಕಳಿಸಿಕೊಳ್ಳಲು ಹೊರಟೆ. ದೊಡ್ಡಮ್ಮ ಬೇಡವೆಂದು ಕೈಬೀಸಿದಳು. ತಮಿಳಿನಲ್ಲಿ ಬರೆದಳು: ಅವೆಲ್ಲ ಅಳಿಸು.

"ಇರ್ಲಿ ಬಿಡಕ್ಕ," ಎಂದಳು ಅಮ್ಮ. "ಹುಡುಗ ಮಾಡಿದ್ರೂ ನಿನ್ ಹಾಗೇ ಐತಲ್ಲ. ನಂಗೆ ಅದೇ ಅಭ್ಯಾಸ ಆಗೈತೆ."

ದೊಡ್ಡಮ್ಮ ಬಹಳ ಹೊತ್ತು ಬರೆದಳು. ಬರೆದದ್ದನ್ನು ಅಮ್ಮ ಓದಲಿಲ್ಲ, ನನಗೆ ದಾಟಿಸಿದಳು. ನಾನು ಓದಿ ಕನ್ನಡದಲ್ಲಿ ಹೇಳಿದೆ, ನನ್ನದೇ ದನಿಯಲ್ಲಿ: ಬಾಯಿದ್ದಾಗ ಇದು ತಮಾಷೆಯಾಗಿತ್ತು. ಇದು ನಾನಲ್ಲ ಅಂತ ನಾನೇ ಎದುರಿಗೆ ಹೇಳಬಹುದಿತ್ತು. ಈಗ ನಾಳೆ ನೀವೆಲ್ಲ ಕೂತು ಇದನ್ನು ಹಾಕಿ, ಇವಳು ಹೀಗೆ ಮಾತಾಡುತ್ತಿದ್ದಳು ಅಂದರೆ, ಅಲ್ಲ ಅನ್ನೋದಕ್ಕೆ ನನಗೆ ದನಿ ಇಲ್ಲ.

ನಾನು ಅಳಿಸತೊಡಗಿದೆ. ಬೈಕಿನದು ಹೋಯಿತು, ಗೊರಕೆಯದು ಹೋಯಿತು, ನಾಲಗೆಯ ಮಗ್ಗ ಹೋಯಿತು. ನನ್ನ ಕಲೆಯ ಸಂಗ್ರಹವನ್ನು ನಾನೇ ಹೂತುಹಾಕುತ್ತಿದ್ದೇನೆ, ಒಂದು ಹೂವಾದರೂ ಹಾಕಿ ಎನ್ನಬೇಕೆನಿಸಿತು. ಬಾಯಿಗೆ ಬಂದದ್ದನ್ನು ಆಡದೇ ನುಂಗಿದ್ದು ನನಗೆ ಹೊಸದು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೇಳಿದ್ದರ ಹತ್ತಿರ ಬಂದಾಗ ಅಮ್ಮ ಎದ್ದುಹೋದಳು.

ಎದ್ದವಳು ಮಗ್ಗದ ಕೋಣೆಗೆ ಹೋಗಿದ್ದಳು. ಒಂದು ಮಗ್ಗ ನಿಂತಿತು, ಇನ್ನೊಂದು ನಿಂತಿತು. ಕೊನೆಯದೂ ನಿಂತಾಗ ಮನೆ ಯಾರದೋ ಮನೆಯಂತಾಯಿತು. ಅಪ್ಪ ಬಾಗಿಲಿಗೆ ಬಂದು, ಫ್ಯೂಸು ಹೋಗಿಲ್ಲ, ದಾರ ಹರಿದಿಲ್ಲ, ಮತ್ತೇಕೆ ನಿಂತಿತು ಎಂಬಂತೆ ನನ್ನನ್ನು ನೋಡಿದರು. ಬಟ್ಟೆ ಒಯ್ಯುವವರು ಮಧ್ಯಾಹ್ನ ಬರುತ್ತಾರೆಂದು ಅಮ್ಮನಿಗೂ ಗೊತ್ತಿತ್ತು. ಅವಳು ಬಂದು ಅಕ್ಕನ ಎದುರಿಗೆ ಕೂತು, ಹಾಕು ಎಂದಳು.

ನನ್ನ ಫೋನಿನಿಂದ ಹಾಕಿದೆ. ಮೊದಲು ಉಸಿರು. ಎಲ್ಲೋ ಒಂದು ಕೋಳಿ. ಆಮೇಲೆ ಒಬ್ಬ ಹೆಂಗಸು, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ:

"ಏನೇ... ಇಲ್ಲಿ ಕರೆಂಟ್ ಹೋಗೈತೆ. ಮಗ್ಗ ಎಲ್ಲಾ ನಿಂತೋಯ್ತು. ಜಗಲಿ ಮ್ಯಾಲ್ ಕೂತಿದ್ದೀನಿ. ಎದ್ರು ಮನೆ ಕೋಳಿ ಮಣ್ ಕೆದ್ರೋದೂ ಕೇಳ್ತೈತೆ, ನೋಡು. ಏನೂ ಇಲ್ಲ, ಸುಮ್ಕೆ ಮಾಡ್ದೆ. ಇಷ್ಟು ಮೆಲ್ಲಗೆ ಮಾತಾಡಿ ಯಾವ್ ಕಾಲ ಆಯ್ತೋ ಸಾಮಿ. ಕರೆಂಟ್ ಬಂದ್ರೆ ಮತ್ತೆ ಅರಚ್ಬೇಕು... ನಿಮ್ಮಲ್ಲೂ ಹೋಗೈತಾ ಕರೆಂಟು?"

ಅಷ್ಟೇ. ಅಷ್ಟು ವರ್ಷ ಆ ಮನೆಯಲ್ಲಿ ಉಂಡು ಮಲಗಿದ ನಾನು ಈ ಹೆಂಗಸನ್ನು ಕೇಳಿರಲಿಲ್ಲ. ನಾನು ಕದ್ದದ್ದು ಮಗ್ಗದ ಎದುರು ನಿಂತವಳನ್ನು; ಅಲ್ಲಿಂದ ಎದ್ದು ಬಂದು ಜಗಲಿಯಲ್ಲಿ ಕೂತವಳು ನನ್ನ ಬಾಯಿಗೆ ಸಿಕ್ಕಿರಲಿಲ್ಲ. ಅಭ್ಯಾಸಬಲ, ನನ್ನ ತುಟಿ ತಾನಾಗಿ ಸಣ್ಣಗೆ ಅಲುಗಿತು. ಆ ಮಾತುಗಳ ಕೊನೆ ಮೇಲೆ ಏಳುತ್ತಿರಲಿಲ್ಲ, ಎಲ್ಲೋ ಇಳಿದು ಹೋಗುತ್ತಿತ್ತು. ಎಲ್ಲಿಗೆ ಎಂದು ತಿಳಿಯಲಿಲ್ಲ. ಬಿಟ್ಟುಬಿಟ್ಟೆ.

ಅಮ್ಮ ಇನ್ನೊಮ್ಮೆ ಹಾಕಿಸಿದಳು. ಕೇಳುವಾಗ ಅಕ್ಕನ ತುಟಿಯನ್ನೇ ನೋಡುತ್ತಿದ್ದಳು, ದೊಡ್ಡಮ್ಮ ಆ ಮಾತುಗಳ ಜೊತೆ ಜೊತೆಗೇ ತುಟಿಯಾಡಿಸುತ್ತಿದ್ದಳು. ಮುಗಿಯಿತು. ಅಮ್ಮ ಅಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇಲ್ಲಕ್ಕ," ಎಂದಳು. "ಅವತ್ತು ನಮ್ಮಲ್ಲಿ ಕರೆಂಟ್ ಇತ್ತು."